ಕಂಪ್ಯೂಟರ್ ಪ್ರಶ್ನೋತ್ತರ: ಎಸ್‌ಕ್ಯೂಎಲ್ ಸರ್ವರ್‌ಗೆ ಒಗ್ಗದ ಲೈಬ್ರರಿ

ಪ್ರಶ್ನೆ: ಮಾನ್ಯರೇ, ನಾನು ಮುಧೋಳದ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಕಬ್ಬು ಬೆಳೆಗಾರರ ನೋಂದಣಿ, ತೂಕದ ಚೀಟಿ, ಬಿಲ್ಲು ಬಟವಾಡೆ ಇವನ್ನು ನೋಡಿಕೊಳ್ಳುವ ನಮ್ಮ ತಂತ್ರಾಂಶಕ್ಕಾಗಿ ಡೇಟಾಬೇಸ್ ಲೈಬ್ರರಿಯೊಂದನ್ನು (ಡೇಟಾಬೇಸಿನೊಡನೆ ವ್ಯವಹರಿಸುವ ಕೋಡಿನ ಕಂತೆ) ನಾವೇ ಬರೆದುಕೊಂಡಿದ್ದೇವೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಮೇಲೆ ಅದು ನಾಲ್ಕು ವರ್ಷಗಳಿಂದ ತಕರಾರಿಲ್ಲದೆ ನಡೆಯುತ್ತಿದೆ. ಈಗ ಬಂದಿರುವ ಹೊಸ ಗ್ರಾಹಕರು ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರನ್ನೇ ಬಳಸಬೇಕೆಂದು ಷರತ್ತು ಹಾಕಿದ್ದಾರೆ. ಎಷ್ಟು ಸಾಲು ಬೇಕೆಂದು ಹೇಳುವ ಲಿಮಿಟ್ ಇರುವ ಕಡೆಯೆಲ್ಲ ದೋಷ ಬರುತ್ತಿದೆ, ರೈತರ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿವೆ. ತೊಂದರೆ ಕಂಡಲ್ಲೆಲ್ಲ "ಇದು ಎಸ್‌ಕ್ಯೂಎಲ್ ಸರ್ವರ್ ಆಗಿದ್ದರೆ" ಎಂದು ಕೋಡಿನಲ್ಲಿ ಷರತ್ತು ಸೇರಿಸುತ್ತ ಹೋಗುವುದು ಸರಿಯೇ? ದಯವಿಟ್ಟು ತಿಳಿಸಿರಿ.

ಉತ್ತರ: ಆ ದಾರಿ ಹಿಡಿಯಬೇಡಿರಿ. ಹಾಗೆ ಸೇರಿಸಿದ ಷರತ್ತುಗಳು ಮೊದಲ ತಿಂಗಳಲ್ಲಿ ಹತ್ತಿದ್ದರೆ ವರ್ಷ ಕಳೆಯುವಷ್ಟರಲ್ಲಿ ಲೈಬ್ರರಿಯ ತುಂಬ ಹರಡಿರುತ್ತವೆ, ಯಾವುದನ್ನು ಏಕೆ ಸೇರಿಸಿದ್ದೆಂದು ಸೇರಿಸಿದವರಿಗೂ ನೆನಪಿರುವುದಿಲ್ಲ. ನಿಮ್ಮ ಲೈಬ್ರರಿಯಲ್ಲಿ ಕ್ವೆರಿಯು, ಅಂದರೆ ಡೇಟಾಬೇಸಿಗೆ ಕಳುಹಿಸುವ ಕೋರಿಕೆಯು, ಮೊದಲಿನಿಂದಲೇ ಪಠ್ಯವಾಗಿ ಜೋಡಣೆಯಾಗುತ್ತಿರಬೇಕೆಂದು ಪತ್ರದಿಂದ ತೋರುತ್ತದೆ. ಅದನ್ನು ಎರಡು ಹಂತ ಮಾಡಿರಿ. ಯಾವ ಟೇಬಲ್, ಯಾವ ಷರತ್ತು, ಯಾವ ಕ್ರಮ, ಎಷ್ಟು ಸಾಲು ಎಂಬುದು ಮೊದಲ ಹಂತದಲ್ಲಿ ಬರಿಯ ವಿವರವಾಗಿ ಉಳಿಯಲಿ. ಆ ವಿವರವನ್ನು ಎಸ್‌ಕ್ಯೂಎಲ್ ಪಠ್ಯವನ್ನಾಗಿಸುವ ಕೆಲಸ ಕಟ್ಟಕಡೆಗೆ, ಡೈಲೆಕ್ಟ್ ಎಂಬ ಒಂದೇ ಭಾಗದಲ್ಲಿ ನಡೆಯಲಿ. ಹೈಬರ್ನೇಟ್ ಮತ್ತು ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಡೇಟಾಬೇಸ್ ಲೈಬ್ರರಿಗಳೆರಡರಲ್ಲೂ ಇದೇ ಹೆಸರಿನ ಭಾಗವಿರುವುದು ಇದೇ ಕಾರಣಕ್ಕೆ.

ಇಷ್ಟಾದರೆ ಲಿಮಿಟ್‌ನ ತೊಂದರೆ ಒಂದು ಮಧ್ಯಾಹ್ನದ ಕೆಲಸ. ಎಸ್‌ಕ್ಯೂಎಲ್ ಸರ್ವರ್ 2012ರ ಆವೃತ್ತಿಯಿಂದ ಲಿಮಿಟ್‌ನ ಬದಲು ಆಫ್‌ಸೆಟ್ ಮತ್ತು ಫೆಚ್ ನೆಕ್ಸ್ಟ್ ಎಂಬ ರೂಪವನ್ನು ಒಪ್ಪುತ್ತದೆ, ಆದರೆ ಸಾಲುಗಳ ಕ್ರಮ ಹೇಳುವ ಆರ್ಡರ್ ಬೈ ಇಲ್ಲದಿದ್ದರೆ ಒಪ್ಪುವುದಿಲ್ಲ. ಕೆಲವರು ಅಲ್ಲಿ ಯಾವುದೋ ಸ್ಥಿರ ಮೌಲ್ಯವನ್ನು ತುಂಬಿ ದೋಷದ ಬಾಯಿ ಮುಚ್ಚಿಸುತ್ತಾರೆ. ಹಾಗೆ ಮಾಡಿದರೆ ಸಾಲುಗಳ ಕ್ರಮಕ್ಕೆ ಯಾವ ಖಾತರಿಯೂ ಇರುವುದಿಲ್ಲ. ಒಬ್ಬ ರೈತನ ಹೆಸರು ಎರಡನೆಯ ಪುಟದಲ್ಲೂ ಮೂರನೆಯ ಪುಟದಲ್ಲೂ ಬಂದು ಇನ್ನೊಬ್ಬನದು ಯಾವ ಪುಟದಲ್ಲೂ ಬಾರದಿರಬಹುದು. ಬಳಸುವವರು ಕ್ರಮವನ್ನು ಹೇಳದಿದ್ದಾಗ ಪ್ರಾಥಮಿಕ ಕೀಲಿಯನ್ನೇ (ಪ್ರತಿ ಸಾಲನ್ನೂ ಗುರುತಿಸುವ ಕಾಲಂ) ಕ್ರಮವಾಗಿ ಹಾಕಿರಿ.

ಲಿಮಿಟ್‌ನಂಥ ವ್ಯತ್ಯಾಸಗಳು ಕೂಗಿ ಹೇಳುತ್ತವೆ, ಆದ್ದರಿಂದ ಅವುಗಳ ಚಿಂತೆ ಬೇಡ. ಒಂದೇ ಕ್ವೆರಿ ಎರಡೂ ಕಡೆ ದೋಷವಿಲ್ಲದೆ ನಡೆದು ಎರಡು ಬೇರೆ ಉತ್ತರ ಕೊಡುವ ಸಂದರ್ಭಗಳಿಗೆ ನಿಮ್ಮ ಸಮಯವನ್ನು ಮೀಸಲಿಡಿರಿ.

ನಿಮ್ಮ ಪ್ರಶ್ನಾರ್ಥಕ ಚಿಹ್ನೆಗಳು ಅದಕ್ಕೆ ಒಳ್ಳೆಯ ಉದಾಹರಣೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಪಠ್ಯವನ್ನಿಡುವ ವಾರ್‌ಚಾರ್ ಎಂಬ ಪ್ರಕಾರದ ಕಾಲಂ ಒಂದು ಕೋಡ್ ಪೇಜಿಗೆ (ಅಕ್ಷರಗಳ ಸಂಕೇತಪಟ್ಟಿ) ಕಟ್ಟುಬಿದ್ದಿರುತ್ತದೆ, ಮತ್ತು ಅದಕ್ಕೆ ಸಿಗುವ ಹಳೆಯ ಕೋಡ್ ಪೇಜುಗಳಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. "ಸಿದ್ಧಲಿಂಗಪ್ಪ" ಎಂಬ ಹೆಸರನ್ನೇ ನೋಡಿರಿ: ಓದುವಾಗ ಐದು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಗುಣಿತದ ಚಿಹ್ನೆ, ಅನುಸ್ವಾರ, ವಿರಾಮ ಎಲ್ಲ ಸೇರಿ ಹನ್ನೆರಡು ಸಂಕೇತ. ವಾರ್‌ಚಾರ್‌ಗೆ ಹೋದಾಗ ಅವು ಹನ್ನೆರಡು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಅಲ್ಲಿ ಯಾವ ದೋಷವೂ ಬರುವುದಿಲ್ಲ, ಹೋದ ಹೆಸರನ್ನು ಆ ಕಾಲಮಿನಿಂದ ಮರಳಿ ಪಡೆಯಲೂ ಬರುವುದಿಲ್ಲ. ಆದ್ದರಿಂದ ಕನ್ನಡ ಬರುವ ಪ್ರತಿ ಕಾಲಂ ಯೂನಿಕೋಡ್ ಪಠ್ಯದ ಪ್ರಕಾರವಾದ ಎನ್‌ವಾರ್‌ಚಾರ್ ಆಗಿರಬೇಕು. ಕಾಲಂ ಸರಿಯಾಗಿದ್ದರೂ ಸಾಲದು: ಕ್ವೆರಿಯ ಪಠ್ಯದೊಳಗೆ ನೇರವಾಗಿ ಬರೆದ ಮೌಲ್ಯದ ಉದ್ಧರಣ ಚಿಹ್ನೆಯ ಹಿಂದೆ ಎನ್ ಅಕ್ಷರವಿಲ್ಲದಿದ್ದರೆ, ಮೌಲ್ಯವು ಕಾಲಮನ್ನು ತಲುಪುವ ಮುಂಚೆಯೇ ವಾರ್‌ಚಾರ್ ಆಗಿ ಕೆಡುತ್ತದೆ. ಮೌಲ್ಯಗಳನ್ನೆಲ್ಲ ಕ್ವೆರಿಯ ಪಠ್ಯದಿಂದ ಬೇರೆಯಾಗಿ, ಪ್ಯಾರಾಮೀಟರ್ ಆಗಿಯೇ ಕಳುಹಿಸುವುದು ಇದಕ್ಕೂ, ಮೌಲ್ಯದ ವೇಷದಲ್ಲಿ ಆದೇಶ ತೂರಿಸುವ ಇಂಜೆಕ್ಷನ್ ದಾಳಿಗೂ ಸರಿಯಾದ ಮದ್ದು. 2019ರ ಆವೃತ್ತಿಯಿಂದ ವಾರ್‌ಚಾರ್‌ಗೂ ಯುಟಿಎಫ್-8 (ಯೂನಿಕೋಡನ್ನು ಬೈಟುಗಳಲ್ಲಿ ಬರೆಯುವ ರೀತಿ) ಕೊಲೇಶನ್, ಅಂದರೆ ಪಠ್ಯದ ಸಂಕೇತ ಮತ್ತು ವಿಂಗಡಣೆಯ ನಿಯಮ, ಸಿಗುತ್ತದೆ ನಿಜ. ಆದರೆ ಅಲ್ಲಿ ವಾರ್‌ಚಾರ್ 50 ಎಂದರೆ 50 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಹಿಡಿಯುವುದರಿಂದ ಹದಿನಾರು ಸಂಕೇತಗಳಿಗೇ ಜಾಗ ತುಂಬುತ್ತದೆ, ನಮ್ಮ ಭಾಗದ ಹೆಸರು ಮತ್ತು ಅಡ್ಡಹೆಸರು ಸೇರಿದರೆ ಅದು ಸಾಲುವುದೇ ಇಲ್ಲ.

ಹಾಗೆಂದು ಎಲ್ಲವನ್ನೂ ಎನ್‌ವಾರ್‌ಚಾರ್ ಆಗಿ ಕಳುಹಿಸುವುದೂ ತಪ್ಪೇ. ವಾಹನ ಸಂಖ್ಯೆಯಂಥ ವಾರ್‌ಚಾರ್ ಕಾಲಮಿಗೆ ಎನ್‌ವಾರ್‌ಚಾರ್ ಪ್ಯಾರಾಮೀಟರ್ ಹೋದರೆ ಸರ್ವರ್ ಕಾಲಮನ್ನೇ ಪರಿವರ್ತಿಸಲು ತೊಡಗುತ್ತದೆ. ಕೆಲವು ಕೊಲೇಶನ್‌ಗಳಲ್ಲಿ ಅದರಿಂದ ಬೇಗ ಹುಡುಕಲೆಂದು ಕಟ್ಟಿದ ಇಂಡೆಕ್ಸ್ ಇದ್ದೂ ಉಪಯೋಗಕ್ಕೆ ಬಾರದೆ ಇಡೀ ಟೇಬಲ್ ಹುಡುಕಬೇಕಾಗುತ್ತದೆ. ಕಾಲಮಿನ ಪ್ರಕಾರವನ್ನು ಡೈಲೆಕ್ಟ್ ತಿಳಿದಿರಲೇಬೇಕು.

ದೋಷ ತೋರದೆ ತಪ್ಪು ಉತ್ತರ ಬರುವ ಎರಡನೆಯ ಉದಾಹರಣೆಯನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಬೆಳಗಾವಿಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಂದು ತಂತ್ರಾಂಶದಲ್ಲಿ, ಸಾಲು ಸೇರಿಸಿದ ಮೇಲೆ ಅದರ ಹೊಸ ಸಂಖ್ಯೆಯನ್ನು @@ಐಡೆಂಟಿಟಿಯಿಂದ ಪಡೆಯುವಂತೆ ಬರೆದಿದ್ದೆ. ತಿಂಗಳುಗಟ್ಟಲೆ ಸರಿಯಾಗಿತ್ತು. ಆಮೇಲೆ ಲೆಕ್ಕಪರಿಶೋಧನೆಗೆಂದು ತೂಕದ ಚೀಟಿಯ ಟೇಬಲ್ಲಿಗೆ ಒಂದು ಟ್ರಿಗರ್ (ಸಾಲು ಸೇರಿದಾಗ ತಾನಾಗಿಯೇ ನಡೆಯುವ ಕೋಡ್) ಹಾಕಲಾಯಿತು. ಅದು ಪ್ರತಿ ಚೀಟಿಗೂ ಇನ್ನೊಂದು ಟೇಬಲ್ಲಿನಲ್ಲಿ ದಾಖಲೆ ಬರೆಯುತ್ತಿತ್ತು. ಅಂದಿನಿಂದ @@ಐಡೆಂಟಿಟಿ ಕೊಡತೊಡಗಿದ್ದು ಆ ದಾಖಲೆಯ ಸಂಖ್ಯೆಯನ್ನು. ಅದೇ ಸಂಖ್ಯೆಯ ಹಳೆಯ ಚೀಟಿ ಬೇರೆ ಯಾರದೋ ಇದ್ದುದರಿಂದ, ಒಬ್ಬ ರೈತರ ಸಾಗಾಣಿಕೆ ಕಡಿತವು ಇನ್ನೊಬ್ಬರ ಬಿಲ್ಲಿಗೆ ಅಂಟಿಕೊಂಡಿತು. ಬಿಲ್ಲು ಹಿಡಿದುಕೊಂಡು ಬಂದ ಹಿರಿಯರು ಕೇಳುವ ತನಕ ನಮಗೆ ಗೊತ್ತೇ ಆಗಲಿಲ್ಲ, ಅದು ನನಗೆ ಇಂದಿಗೂ ನೋವಿನ ಸಂಗತಿ. ಸ್ಕೋಪ್ ಐಡೆಂಟಿಟಿ ಎಂಬ ಫಂಕ್ಷನ್ ಟ್ರಿಗರಿನ ಒಳಗೆ ಹುಟ್ಟಿದ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದನ್ನು ಬಳಸಿರಿ. ಸೇರಿಸಿದ ಸಾಲಿನ ವಿವರವನ್ನು ಮರಳಿಸುವ ಪೋಸ್ಟ್‌ಗ್ರೆಸ್‌ನ ರಿಟರ್ನಿಂಗ್‌ಗೆ ಸಾಟಿಯಾದ ಔಟ್‌ಪುಟ್ ಕೂಡ ಇದೆ. ಆದರೆ ಟೇಬಲ್ಲಿಗೆ ಟ್ರಿಗರ್ ಇದ್ದಾಗ ಬರಿಯ ಔಟ್‌ಪುಟ್ ನಡೆಯುವುದಿಲ್ಲ, ಫಲಿತಾಂಶವನ್ನು ಔಟ್‌ಪುಟ್ ಇಂಟೂ ಮೂಲಕ ಟೇಬಲ್ ವೇರಿಯಬಲ್ಲಿಗೆ ಇಳಿಸಿ ಓದಬೇಕು.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಒಂದೇ ಮೌಲ್ಯ ಎರಡು ಸಲ ಬಾರದೆಂಬ ಯೂನಿಕ್ ನಿರ್ಬಂಧವಿರುವ ಕಾಲಮಿನಲ್ಲಿ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಎಷ್ಟು ನಲ್‌ಗಳನ್ನಾದರೂ (ಮೌಲ್ಯವಿಲ್ಲದ ಖಾಲಿ ಜಾಗ) ಒಪ್ಪುತ್ತದೆ, ಎಸ್‌ಕ್ಯೂಎಲ್ ಸರ್ವರ್ ಒಪ್ಪುವುದು ಒಂದನ್ನು ಮಾತ್ರ. ಬ್ಯಾಂಕ್ ಖಾತೆ ಸಂಖ್ಯೆ ಕೊಡದ ಎರಡನೆಯ ರೈತರ ನೋಂದಣಿ ಅಲ್ಲಿಯೇ ನಿಲ್ಲುತ್ತದೆ. ನಲ್ ಅಲ್ಲದ ಸಾಲುಗಳಿಗೆ ಮಾತ್ರ ಅನ್ವಯವಾಗುವ ಫಿಲ್ಟರ್ಡ್ ಇಂಡೆಕ್ಸ್ ಅದಕ್ಕೆ ಪರಿಹಾರ. ಲೈಕ್ ಹುಡುಕಾಟದಲ್ಲಿ ಚೌಕ ಆವರಣಕ್ಕೆ ಇಲ್ಲಿ ವಿಶೇಷ ಅರ್ಥವಿದೆ: 45[2] ಎಂದು ಸರ್ವೆ ನಂಬರ್ ಹುಡುಕಿದರೆ 452 ಸಿಗುತ್ತದೆ, ಅದು ಇನ್ನಾರದೋ ಹೊಲ. ಪಠ್ಯ ಜೋಡಿಸಲು ಎರಡು ಲಂಬಗೆರೆ ಬಳಸುವುದು 1992ರ ಪ್ರಮಾಣಿತ ಎಸ್‌ಕ್ಯೂಎಲ್‌ನಲ್ಲಿಯೇ ಇದ್ದರೂ, ಸೈಬೇಸ್ ಎಂಬ ಹಳೆಯ ಡೇಟಾಬೇಸಿನ ಬೇರಿನಿಂದ ಬಂದ ಈ ಡೈಲೆಕ್ಟ್ 2025ರ ಆವೃತ್ತಿಯ ತನಕ ಕೂಡುವ ಚಿಹ್ನೆಯನ್ನೇ ಬಳಸಿಕೊಂಡು ಬಂದಿತ್ತು. ಅದರ ಒಂದು ಬದಿಯಲ್ಲಿ ಸಂಖ್ಯೆ ಇದ್ದರೆ ಪಠ್ಯವಾದ '12' ಮತ್ತು ಸಂಖ್ಯೆಯಾದ 5 ಸೇರಿ 125 ಆಗದೆ 17 ಆಗುತ್ತದೆ. ಕನ್‌ಕ್ಯಾಟ್ ಫಂಕ್ಷನ್ ಬಳಸುವುದು ಲೇಸು. ಇನ್ನು ಒಂದು ಕೋರಿಕೆಗೆ 2,100 ಪ್ಯಾರಾಮೀಟರಿನ ಮಿತಿಯಿದೆ, ಅದರಲ್ಲಿ ಎರಡನ್ನು ಡ್ರೈವರ್‌ಗಳು ಸಾಮಾನ್ಯವಾಗಿ ತಮ್ಮ ಕೆಲಸಕ್ಕೇ ಬಳಸುತ್ತವೆ. ಹನ್ನೆರಡು ಕಾಲಮುಗಳ ಟೇಬಲ್ಲಿಗೆ ಒಮ್ಮೆಗೆ 174 ಸಾಲುಗಳಿಗಿಂತ ಹೆಚ್ಚು ಸೇರಿಸಲಾಗದು, ಆ ಲೆಕ್ಕವನ್ನು ಲೈಬ್ರರಿಯೇ ಮಾಡಿ ತಂಡ ತಂಡವಾಗಿ ಕಳುಹಿಸಲಿ.

ಪ್ರಶ್ನೆ: ವಿಜಯಪುರದಲ್ಲಿ ಒಣದ್ರಾಕ್ಷಿಯ ಶೀತಲ ಗೋದಾಮೊಂದರ ದಾಸ್ತಾನು ಲೆಕ್ಕ ನೋಡಿಕೊಳ್ಳುತ್ತೇನೆ. ಬಾಕ್ಸುಗಳು ಒಳಬರುವ ದಿನಗಳಲ್ಲಿ ವರದಿ ತೆಗೆದರೆ ಎಸ್‌ಕ್ಯೂಎಲ್ ಸರ್ವರ್ ಬಹಳ ಹೊತ್ತು ನಿಂತುಬಿಡುತ್ತದೆ. ಲೈಬ್ರರಿಯು ಎಲ್ಲ ಕ್ವೆರಿಗಳಿಗೂ ನೋಲಾಕ್ (ಬೇರೆಯವರ ಬರವಣಿಗೆಗೆ ಕಾಯದೆ ಓದುವ ಸೂಚನೆ) ಸೇರಿಸುವಂತೆ ಮಾಡಿದರೆ ಸರಿಹೋಗುತ್ತದೆಂದು ಗೆಳೆಯರು ಹೇಳುತ್ತಾರೆ. ಮಾಡಬಹುದೇ?

ಉತ್ತರ: ಮಾಡಬಾರದು. ನೋಲಾಕ್ ಇದ್ದಾಗ ಇನ್ನೂ ಕಮಿಟ್ ಆಗದ, ಅಂದರೆ ಖಾಯಂ ಆಗದ, ಮುಂದೆ ರದ್ದಾಗಬಹುದಾದ ಸಾಲುಗಳೂ ವರದಿಯಲ್ಲಿ ಬರುತ್ತವೆ; ಓದುತ್ತಿರುವಾಗಲೇ ಪುಟಗಳು ಸರಿದಾಡಿದರೆ ಒಂದು ಸಾಲು ಎರಡು ಸಲ ಎಣಿಕೆಯಾಗಬಹುದು, ಇನ್ನೊಂದು ಬಿಟ್ಟೇ ಹೋಗಬಹುದು. ರೈತರ ಮಾಲಿನ ಲೆಕ್ಕದಲ್ಲಿ ಇದಕ್ಕೆ ಎಡೆಯಿರಕೂಡದು.

ನಿಮ್ಮ ವರದಿ ನಿಲ್ಲುವುದಕ್ಕೆ ಕಾರಣ ಬಹುತೇಕ ಇದು: ಸ್ವಂತ ಯಂತ್ರದಲ್ಲಿ ಸ್ಥಾಪಿಸಿದ ಎಸ್‌ಕ್ಯೂಎಲ್ ಸರ್ವರಿನ ಮೂಲ ಏರ್ಪಾಟಿನಲ್ಲಿ, ಬರೆಯುವವರು ಮುಗಿಸುವ ತನಕ ಓದುವವರು ಕಾಯಬೇಕು. ರೀಡ್ ಕಮಿಟೆಡ್ ಸ್ನ್ಯಾಪ್‌ಶಾಟ್ ಎಂಬ ಆಯ್ಕೆಯನ್ನು ಆ ಡೇಟಾಬೇಸಿಗೆ ಆನ್ ಮಾಡಿರಿ. ಓದುವವರಿಗೆ ಕಡೆಯ ಬಾರಿ ಕಮಿಟ್ ಆದ ರೂಪ ಸಿಗುತ್ತದೆ, ಅವರು ಬರೆಯುವವರಿಗಾಗಿ ಕಾಯಬೇಕಾಗುವುದಿಲ್ಲ. ಆನ್ ಮಾಡುವಾಗ ಬೇರೆ ಸಂಪರ್ಕಗಳಿರಕೂಡದಾದ್ದರಿಂದ ರಾತ್ರಿ ಮಾಡುವುದು ಒಳಿತು. ಹಳೆಯ ರೂಪಗಳು ಟೆಂಪ್‌ಡಿಬಿ ಎಂಬ ತಾತ್ಕಾಲಿಕ ಡೇಟಾಬೇಸಿನಲ್ಲಿ ಉಳಿಯುತ್ತವೆ, ಅದು ಬೆಳೆಯಲು ಡಿಸ್ಕಿನಲ್ಲಿ ಜಾಗವಿರಲಿ. ಒಂದು ಎಚ್ಚರಿಕೆ ಮಾತ್ರ ಬೇಕು: ದಾಸ್ತಾನು ಎಷ್ಟಿದೆಯೆಂದು ಓದಿ, ಸಾಕಷ್ಟಿದ್ದರೆ ಕಳೆಯುವಂಥ ಕಡೆಗಳಲ್ಲಿ ಆ ಓದು ಸಾಲನ್ನು ಹಿಡಿದಿಟ್ಟುಕೊಳ್ಳಲೇಬೇಕು. ಬೇರೆ ಡೇಟಾಬೇಸುಗಳಲ್ಲಿ ಕ್ವೆರಿಯ ಕೊನೆಗೆ ಬರುವ ಫಾರ್ ಅಪ್‌ಡೇಟ್ ಇಲ್ಲಿಲ್ಲ. ಅದರ ಬದಲು ಅಪ್‌ಡೇಟ್ ಲಾಕ್ ಸೂಚನೆಯನ್ನು ಟೇಬಲ್ ಹೆಸರಿನ ಪಕ್ಕದಲ್ಲಿ ಬರೆಯಬೇಕು. ಸಿದ್ಧವಾದ ಪಠ್ಯದ ಬಾಲಕ್ಕೆ ತುಣುಕು ಅಂಟಿಸುವ ಲೈಬ್ರರಿಗಳು ಇಲ್ಲಿಯೇ ಎಡವುತ್ತವೆ.

ಪ್ರಶ್ನೆ: ಇಳಕಲ್ಲಿನ ನೇಕಾರರ ಸಂಘವೊಂದಕ್ಕೆ ತಂತ್ರಾಂಶ ಬರೆಯುತ್ತಿದ್ದೇನೆ. ಅಲ್ಲಿರುವುದು ಎಸ್‌ಕ್ಯೂಎಲ್ ಸರ್ವರ್. ನನ್ನ ಲ್ಯಾಪ್‌ಟಾಪಿನಲ್ಲಿ ಎಸ್‌ಕ್ಯೂಎಲೈಟ್ ಎಂಬ ಚಿಕ್ಕ ಡೇಟಾಬೇಸಿನ ಮೇಲೆ ಪರೀಕ್ಷೆ ಮಾಡಿದರೆ ಸಾಕಾಗುವುದೇ?

ಉತ್ತರ: ಸಾಕಾಗುವುದಿಲ್ಲ. ಎಸ್‌ಕ್ಯೂಎಲೈಟ್ ತನ್ನ ಸಾಮಾನ್ಯ ಟೇಬಲ್ಲುಗಳಲ್ಲಿ 20 ಅಕ್ಷರದ ಕಾಲಮಿಗೆ 200 ಅಕ್ಷರ ಬಂದರೂ ತೆಗೆದುಕೊಳ್ಳುತ್ತದೆ, ಪೂರ್ಣಾಂಕದ ಕಾಲಮಿನಲ್ಲಿ ಸೀರೆಯ ಬಣ್ಣದ ಹೆಸರನ್ನು ಬರೆದರೂ ಇಟ್ಟುಕೊಳ್ಳುತ್ತದೆ. ಎಸ್‌ಕ್ಯೂಎಲ್ ಸರ್ವರಿನ ಡೆವಲಪರ್ ಆವೃತ್ತಿ ಉಚಿತವಾಗಿ ಸಿಗುತ್ತದೆ. ನಿಜವಾದ ವ್ಯವಹಾರಕ್ಕೆ ಅದನ್ನು ಬಳಸುವಂತಿಲ್ಲ, ಪರೀಕ್ಷೆಗೆ ಅಡ್ಡಿಯಿಲ್ಲ. 2017ರ ಆವೃತ್ತಿಯಿಂದ ಲಿನಕ್ಸ್ ಮೇಲೆಯೂ ನಡೆಯುತ್ತದೆ. ಸಂಘದಲ್ಲಿರುವ ಆವೃತ್ತಿ ಮತ್ತು ಕೊಲೇಶನ್ ಯಾವುದೆಂದು ಮೊದಲು ಕೇಳಿ ತಿಳಿದುಕೊಂಡು, ಅದನ್ನೇ ನಿಮ್ಮ ಲ್ಯಾಪ್‌ಟಾಪಿನಲ್ಲಿಯೂ ಸ್ಥಾಪಿಸಿಕೊಳ್ಳಿರಿ.