ಎದೆಯಲ್ಲಿ ಹಾಲಿದೆ, ಮಗುವಿನ ತೂಕ ಮಾತ್ರ ಏರುತ್ತಿಲ್ಲ

ಪ್ರಶ್ನೆ: ಬಾಣಂತನಕ್ಕೆ ಹಾಸನ ಜಿಲ್ಲೆಯ ತವರಿಗೆ ಬಂದಿದ್ದೇನೆ. ಮೊದಲ ಮಗು, ಹೆಣ್ಣು. ಹುಟ್ಟಿದಾಗ 2.9 ಕೆಜಿ, ಐದನೇ ದಿನ 2.7. ಈಗ 47 ದಿನ, 3.5 ಕೆಜಿ. ಎದೆಗೆ ಹಾಕಿಕೊಂಡ ಐದೇ ನಿಮಿಷಕ್ಕೆ ನಿದ್ದೆ ಹೋಗುತ್ತಾಳೆ, ಮಲಗಿಸಿದರೆ ಮತ್ತೆ ಅಳು. ನನ್ನ ತೊಟ್ಟು ಒಡೆದು ರಕ್ತ ಬರುತ್ತಿದೆ. ರಾತ್ರಿ ಹಾಲು ಸೋರಿ ಬಟ್ಟೆಯೆಲ್ಲ ಒದ್ದೆ, ಆದರೂ ಎಲ್ಲರೂ ಹಾಲು ಸಾಲುತ್ತಿಲ್ಲ ಅಂತಾರೆ. ಅತ್ತೆ ಫೋನ್ ಮಾಡಿದಾಗಲೆಲ್ಲ ಹಸುವಿನ ಹಾಲಿಗೆ ನೀರು ಬೆರೆಸಿ ಕೊಡು ಎನ್ನುತ್ತಾರೆ. ಅಮ್ಮ ಮೇಲುಹಾಲು ಮುಟ್ಟಲೇ ಬಾರದು ಎನ್ನುತ್ತಾರೆ. ಡಾಕ್ಟರು ಪರೀಕ್ಷೆ ಮಾಡಿ, ಬೇರೇನೂ ತೊಂದರೆ ಕಾಣುತ್ತಿಲ್ಲ, ಬೇಕಾದರೆ ಪೌಡರ್ ಹಾಲು ಕೊಡಿ ಎಂದರು. ಮೊನ್ನೆ ರಾತ್ರಿ ಎರಡು ಗಂಟೆಗೆ ಯಾರಿಗೂ ಹೇಳದೆ ಒಂದು ಬಾಟಲಿ ಕೊಟ್ಟೆ. ಮಗು ಮೂರು ಗಂಟೆ ಮಲಗಿತು. ನಾನು ಬೆಳಗಾಗುವವರೆಗೂ ಅಳುತ್ತಿದ್ದೆ. ತಾಯಿಯಾಗಿ ನಾನು ಸೋತೆನಾ?

ಉತ್ತರ: ಮೊದಲು ಆ ಬಾಟಲಿಯ ವಿಷಯ. ಹಸಿದ ಮಗುವಿಗೆ ಹಾಲು ಕೊಟ್ಟಿರಿ, ಅಷ್ಟೇ ಅಲ್ವಾ? ಇದರಲ್ಲಿ ಸೋಲು ಎಲ್ಲಿಂದ ಬಂತು? ಇವತ್ತೇ ಅಮ್ಮನ ಹತ್ತಿರ ಹೇಳಿಬಿಡಿ. ಹಸಿ ಬಾಣಂತಿ ನಡುರಾತ್ರಿಯಲ್ಲಿ ಒಬ್ಬಳೇ ಗುಟ್ಟು ಹೊತ್ತುಕೊಂಡು ಕೂರಬಾರದು.

ಇನ್ನು ತೂಕ. ನಿಮಗೆ ಸುಮ್ನೆ ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಮಾಮೂಲು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ನಿಮ್ಮ ಮಗಳು 42 ದಿನದಲ್ಲಿ 800 ಗ್ರಾಂ ಏರಿದ್ದಾಳೆ. ಅಂದರೆ ದಿನಕ್ಕೆ 19 ಗ್ರಾಂ. ಏರಿಕೆ ನಿಂತಿಲ್ಲ, ಆದರೆ ನಿಧಾನ. ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ನಕ್ಷೆಯಲ್ಲಿ ಈ ವಯಸ್ಸಿಗೆ 3.5 ಕೆಜಿ ಕೆಳಗಡೆಯೇ ಬೀಳುತ್ತದೆ. ಹಾಗಾಗಿ "ನಮ್ಮ ಮನೆಯಲ್ಲಿ ಮಕ್ಕಳೆಲ್ಲ ಸಣ್ಣಗೇ ಇದ್ದವು" ಎಂದು ಯಾರಾದರೂ ಹೇಳಿದರೆ ಅದನ್ನು ನಂಬಿ ಕೂರಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಒಂದೇ ಸಾಲಿನಲ್ಲಿ: ರಾತ್ರಿ ಹಾಲು ಸೋರಿ ಬಟ್ಟೆಯೆಲ್ಲ ಒದ್ದೆ. ಹಾಲಿಲ್ಲದ ಎದೆ ಹೀಗೆ ಸೋರುವುದಿಲ್ಲ. ಅದರ ಜೊತೆಗೆ ಒಡೆದ ತೊಟ್ಟು, ಐದು ನಿಮಿಷಕ್ಕೆ ನಿದ್ದೆ. ಮೂರನ್ನೂ ಸೇರಿಸಿ ನೋಡಿದರೆ ನನಗನ್ನಿಸುವುದು ಇಷ್ಟು: ಹಾಲು ಇದೆ, ಅದು ಮಗುವಿನ ಹೊಟ್ಟೆಗೆ ಹೋಗುತ್ತಿಲ್ಲ. ಡಾಕ್ಟರು ಮಗುವನ್ನು ಪರೀಕ್ಷೆ ಮಾಡಿದರು ಎಂದಿರಿ. ಅವಳು ಹಾಲು ಕುಡಿಯುವಾಗ ಯಾರಾದರೂ ಪಕ್ಕದಲ್ಲಿ ಕೂತು ನೋಡಿದರಾ? ಬಹುಶಃ ಇಲ್ಲ. ನಮ್ಮಲ್ಲಿ ಮಗುವನ್ನು ತೂಗುವವರು ಬೇಕಾದಷ್ಟು ಜನ. ಕುಡಿಯುವುದನ್ನು ಕೂತು ನೋಡುವವರು ಕಡಿಮೆ.

ಇವತ್ತು ನೀವೇ ನೋಡಿ. ಬೆನ್ನಿಗೆ ದಿಂಬು ಕೊಟ್ಟು ಕೂತುಕೊಳ್ಳಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ಅಂಟಿರಲಿ, ಬರೀ ಕತ್ತು ತಿರುಗಿಸಿ ಕುಡಿಯುವಂತೆ ಆಗಬಾರದು. ಆಕಳಿಸುವಷ್ಟು ಅಗಲ ಬಾಯಿ ತೆರೆಯುವವರೆಗೆ ಕಾದು, ಆಗ ಮಗುವನ್ನು ಎದೆಗೆ ತನ್ನಿ. ಎದೆಯನ್ನು ಮಗುವಿನ ಕಡೆಗೆ ಬಗ್ಗಿಸಬೇಡಿ. ಬರೀ ತೊಟ್ಟು ಬಾಯಲ್ಲಿದ್ದರೆ ಸಾಲದು, ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಗಬೇಕು. ಗದ್ದ ಎದೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು. ನೋವಾದರೆ ಬಾಯಿಯ ಮೂಲೆಗೆ ಕಿರುಬೆರಳು ಹಾಕಿ ಬಿಡಿಸಿ, ಮತ್ತೆ ಹಿಡಿಸಿ. ಹತ್ತು ಸಲವಾದರೂ ಸರಿ. ಹಿಡಿತ ಸರಿಯಾದರೆ ಒಡೆದ ತೊಟ್ಟು ಕೆಲವು ದಿನದಲ್ಲಿ ಮಾಗುತ್ತದೆ. ಅಲ್ಲಿಯವರೆಗೆ ನಿಮ್ಮದೇ ಹಾಲಿನ ಹನಿ ಸವರಿ, ಗಾಳಿಗೆ ಒಣಗಲು ಬಿಡಿ.

ಆಮೇಲೆ ಕಿವಿಗೊಟ್ಟು ಕೇಳಿ. ಮೊದಲು ಪಟಪಟ ಚೀಪುತ್ತಾಳೆ. ಹಾಲು ಇಳಿದ ಮೇಲೆ ದವಡೆ ನಿಧಾನವಾಗಿ, ಆಳವಾಗಿ ಆಡಬೇಕು, ನಡುವೆ ಗುಟುಕಿನ ಸದ್ದು ಕೇಳಬೇಕು. ಗುಟುಕು ನಿಂತರೆ ಎದೆಯನ್ನು ಕೈಯಿಂದ ಮೆಲ್ಲಗೆ ಒತ್ತಿ, ಹಾಲು ಬಾಯಿಗೆ ಇಳಿಯುತ್ತದೆ. ನಿದ್ದೆ ಬಂದರೆ ಟೋಪಿ, ಬಟ್ಟೆ ಸಡಿಲಿಸಿ, ಅಂಗಾಲು ತಿಕ್ಕಿ ಎಬ್ಬಿಸಿ. ಬಾಣಂತಿ ಕೋಣೆಯ ಸೆಕೆಯಲ್ಲಿ ನಾಲ್ಕು ಸುತ್ತು ಬಟ್ಟೆ ಸುತ್ತಿದರೆ ಯಾವ ಮಗುವಿಗಾದರೂ ಮಂಪರು ಬರುತ್ತದೆ! ಒಂದು ಕಡೆ ಪೂರ್ತಿ ಕುಡಿದ ಮೇಲೆ ಇನ್ನೊಂದು ಕಡೆ ಕೊಡಿ. ಕೊನೆಗೆ ಬರುವ ಗಟ್ಟಿ ಹಾಲಿನಲ್ಲೇ ಕೊಬ್ಬು ಜಾಸ್ತಿ. ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಸಬೇಕು, ರಾತ್ರಿಯದನ್ನು ಬಿಡಬೇಡಿ.

ಒಂದು ಸ್ಟೀಲ್ ಬಟ್ಟಲನ್ನು ತೊಳೆದು, ನೀರಿನಲ್ಲಿ ಕುದಿಸಿಟ್ಟುಕೊಳ್ಳಿ. ಪ್ರತಿ ಸಲ ಕುಡಿಸಿದ ಮೇಲೆ ಎದೆಯಲ್ಲಿ ಉಳಿದ ಹಾಲನ್ನು ಅದಕ್ಕೆ ಹಿಂಡಿ ತೆಗೆಯಿರಿ. ಆ ಹಾಲನ್ನೇ ಒಳಲೆಯಲ್ಲಿ ಕುಡಿಸಿ. ಹೊರಗಿಟ್ಟರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಮಗು ಎಚ್ಚರವಿರಲಿ, ತಲೆ ಎತ್ತರದಲ್ಲಿರಲಿ, ಸ್ವಲ್ಪಸ್ವಲ್ಪವೇ ಕೊಡಿ. ಕಾಲ ಮೇಲೆ ಮಲಗಿಸಿ ಗಂಟಲಿಗೆ ಸುರಿಯುವ ಹಳೇ ರೂಢಿ ಮಾತ್ರ ಖಂಡಿತ ಬೇಡ, ಹಾಲು ಉಸಿರಿನ ದಾರಿಗೆ ಹೋಗುತ್ತದೆ. ಎದೆ ಖಾಲಿಯಾದಷ್ಟೂ ಹಾಲು ಹೆಚ್ಚು ಕೂಡುತ್ತದೆ. ಸಬ್ಬಸಿಗೆ ಪಲ್ಯ, ಮೆಂತ್ಯದ ಲೇಹ ತಿನ್ನಿ, ಹೊಟ್ಟೆ ತುಂಬಾ ಊಟ ಮಾಡಿ, ಬಾಯಾರಿದಾಗ ನೀರು ಕುಡಿಯಿರಿ. ಬಾಣಂತಿ ನೀರು ಕುಡಿದರೆ ಮಗುವಿಗೆ ಶೀತ ಎನ್ನುವುದನ್ನು ಕೇಳಬೇಡಿ. ಮಗುವಿಗೆ ಮಾತ್ರ ನೀರು, ಗ್ರೈಪ್ ವಾಟರ್, ಜೇನು, ಬಜೆ ಯಾವುದೂ ಬೇಡ. ಆ ಪುಟ್ಟ ಹೊಟ್ಟೆಯಲ್ಲಿ ಅವು ಹಾಲಿನ ಜಾಗ ತಿನ್ನುತ್ತವೆ.

ಅತ್ತೆಯವರಿಗೆ ಏನು ಹೇಳುವುದು? ಒಂದು ವರ್ಷದವರೆಗೆ ಹಸುವಿನ ಹಾಲು ಕುಡಿಸಬಾರದು, ನೀರು ಬೆರೆಸಿದರೆ ಇದ್ದ ಸತ್ವವೂ ಹೋಗುತ್ತದೆ. ಇದನ್ನು ನೀವು ಹೇಳಬೇಡಿ, ನಿಮ್ಮ ಯಜಮಾನರು ತಮ್ಮ ಅಮ್ಮನಿಗೆ ಹೇಳಲಿ. ಅವರ ಆತಂಕವೂ ಮಗುವಿನ ಮೇಲಿನ ಪ್ರೀತಿಯದೇ.

ಇದನ್ನೆಲ್ಲ ಇವತ್ತೇ ಶುರು ಮಾಡಿ, ಇದೇ ವಾರ ಮಕ್ಕಳ ಡಾಕ್ಟರ ಹತ್ತಿರ ಮತ್ತೆ ಹೋಗಿ. ಅವರ ಎದುರೇ ಹಾಲು ಕುಡಿಸಿ. ನಾಲಿಗೆಯ ಅಡಿಯ ಪದರ ಬಿಗಿಯಾಗಿದೆಯೇ ಎಂದು ಕೇಳಿ, ಕೆಲವು ಮಕ್ಕಳಿಗೆ ಅದೇ ಅಡ್ಡಿ. ನಿಮ್ಮ ರಕ್ತಹೀನತೆ, ಥೈರಾಯ್ಡ್ ಕೂಡ ನೋಡಿಸಿಕೊಳ್ಳಿ. ಇಷ್ಟಾದರೂ ತೂಕ ಏರದಿದ್ದರೆ, ಅಥವಾ ಡಾಕ್ಟರು ಈಗಲೇ ಬೇಕೆಂದರೆ, ಪೌಡರ್ ಹಾಲು ಕೊಡಿ. ಎಷ್ಟು ಎಂಬುದನ್ನು ಅವರೇ ಹೇಳಲಿ. ಡಬ್ಬಿಯ ಮೇಲಿನ ಅಳತೆಯಂತೆಯೇ ಕಲಸಿ, ಉಳಿಸಲು ಹೋಗಿ ನೀರಾಗಿಸಬೇಡಿ. ಮೊದಲು ಎದೆಹಾಲು, ಆಮೇಲೆ ಅದು. ಅಮ್ಮನಿಗೂ ಇದನ್ನು ಓದಿಸಿ.

ತೂಕ ವಾರಕ್ಕೊಮ್ಮೆ ಸಾಕು. ಅಂಗನವಾಡಿಯಲ್ಲಿ, ಅದೇ ತಕ್ಕಡಿ, ಮೈಮೇಲೆ ಬಟ್ಟೆ ಇಲ್ಲದೆ. ಮಧ್ಯೆ ಮಗು ಉಚ್ಚೆ ಮಾಡಿ ಒದ್ದೆಯಾದ ಬಟ್ಟೆ ಎಣಿಸಿ, ದಿನಕ್ಕೆ ಆರಕ್ಕಿಂತ ಕಡಿಮೆಯಾದರೆ ಡಾಕ್ಟರಿಗೆ ತಿಳಿಸಿ. ಮಗು ಎಬ್ಬಿಸಿದರೂ ಏಳದಿದ್ದರೆ, ಕುಡಿಯುವುದನ್ನೇ ಬಿಟ್ಟರೆ, ಜ್ವರ ಬಂದರೆ, ಹಸಿರು ವಾಂತಿಯಾದರೆ, ಹಾಲು ಕುಡಿಯುವಾಗ ಬೆವರಿದರೆ, ಉಸಿರು ಏದುಸಿರಾದರೆ, ತುಟಿ ನೀಲಿಯಾದರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಓಡಿ.

ಕೊನೆಗೆ ನಿಮ್ಮ ಅಳು. ಹೆರಿಗೆಯಾದ ಮೊದಲ ಎರಡು ವಾರ ಅಳು ಬರುವುದು ಸಹಜ. ಏಳನೇ ವಾರದಲ್ಲೂ ದಿನಾ ಅಳು, ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಅದಕ್ಕೂ ಚಿಕಿತ್ಸೆ ಬೇಕು, ಅದು ಇದೆ. ನಿಮಗೋ ಮಗುವಿಗೋ ಏನಾದರೂ ಮಾಡಿಕೊಳ್ಳಬೇಕು ಎಂಬ ಯೋಚನೆ ಸುಳಿದರೆ ಆ ಕ್ಷಣವೇ ಮನೆಯವರಿಗೆ ಹೇಳಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416, ಯಾವ ಹೊತ್ತಿನಲ್ಲಾದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಒಂದು ಹೊತ್ತಿನ ಹಾಲನ್ನು ಹಿಂಡಿಟ್ಟು, ಒಳಲೆಯನ್ನು ಅಮ್ಮನ ಕೈಗೆ ಕೊಟ್ಟು ಮೂರು ಗಂಟೆ ಮಲಗಿ. ಎರಡು ವಾರ ಬಿಟ್ಟು ಮತ್ತೆ ಬರೆಯಿರಿ. ಮಗುವಿನ ತೂಕದ ಜೊತೆ ನೀವು ಎಷ್ಟು ಹೊತ್ತು ಮಲಗಿದಿರಿ ಎನ್ನುವುದನ್ನೂ ಬರೆಯಿರಿ.