ಸೆರಗಿನ ವಿಷಯವನ್ನು ಒಂದೇ ಸಾಲಲ್ಲಿ ಮುಗಿಸಬೇಡಿ

ಅಕ್ಕೋರೆ, ನಮಸ್ಕಾರ.

ಫ್ಲೂ ವೈರಸ್ ಬಗ್ಗೆ ನೀವು ಇಳಕಲ್ಲಿನಿಂದ ಕಳಿಸಿದ 'ದೇಹದೊಳಗಿನ ಮಹಾಸಮರ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಕೈಬಿಡುವ ಲೇಖನವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಆ ಯುದ್ಧ ನಿಲ್ಲಿಸಿ. 'ಶತ್ರು' 11 ಸಲ ಬಂದಿದೆ, 'ಕೋಟೆ' 6 ಸಲ. ಓದುವವರಿಗೆ ಕತ್ತಿ, ಕುದುರೆ ಕಾಣುತ್ತವೆ, ಜೀವಕೋಶ ಕಾಣುವುದಿಲ್ಲ. ನಿಜ ನೋಡಿದರೆ ಅಲ್ಲಿ ಯಾರೂ ಕೋಟೆ ಒಡೆಯುವುದೇ ಇಲ್ಲ. ವೈರಸ್ಸಿನ ಮೈಮೇಲಿನ ಮುಳ್ಳು, ಕೋಶದ ಹೊರಮೈಯಲ್ಲಿರುವ ಸಯಾಲಿಕ್ ಆಮ್ಲ ಎಂಬ ಸಕ್ಕರೆಗೆ ಅಂಟಿಕೊಳ್ಳುತ್ತದೆ. ಹೊರಗಿನ ಸಾಮಾನನ್ನು ದಿನವೂ ಒಳಗೆ ತರುವ ಹಾಗೆ ಕೋಶ ಇದನ್ನೂ ಚೀಲದಲ್ಲಿ ಸುತ್ತಿ ಎಳೆದುಕೊಳ್ಳುತ್ತದೆ. ಆ ಚೀಲ ಒಳಗೆ ಹೋಗುತ್ತಾ ಹುಳಿಯಾಗುತ್ತದೆ, ಅದು ಕೋಶದ ರೂಢಿ. ಹುಳಿ ತಾಗಿದಾಗಲೇ ಮುಳ್ಳು ಆಕಾರ ಬದಲಿಸುತ್ತದೆ, ವೈರಸ್ಸಿನ ಪೊರೆ ಚೀಲದ ಪೊರೆಗೆ ಬೆಸೆಯುತ್ತದೆ, ಒಳಗಿದ್ದ 8 ಆರ್‌ಎನ್‌ಎ ತುಣುಕುಗಳು, ಅಂದರೆ ವೈರಸ್ಸಿನ ಮಾಹಿತಿ ಬರೆದಿರುವ ಎಳೆಗಳು, ಹೊರಬೀಳುತ್ತವೆ. ಬಾಗಿಲು ತೆಗೆದವರು ಮನೆಯವರೇ ಅಲ್ವಾ? ಇಷ್ಟು ಹೇಳಿದರೆ ಸೇನೆ, ದಂಡು ಯಾವುದೂ ಬೇಕಾಗುವುದಿಲ್ಲ.

ಎರಡು ಕಡೆ ವಿಷಯವೇ ತಪ್ಪಾಗಿದೆ. ವೈರಸ್ 'ಒಡೆದು ಎರಡಾಗುತ್ತದೆ' ಎಂದಿದ್ದೀರಿ. ಹಾಗೆ ಆಗುವುದು ಬ್ಯಾಕ್ಟೀರಿಯಾ. ವೈರಸ್ ಒಳಗೆ ಬಂದ ಮೇಲೆ ಬಿಚ್ಚಿಹೋಗುತ್ತದೆ. ಬಿಡಿಭಾಗಗಳು ಬೇರೆ ಬೇರೆ ತಯಾರಾಗಿ ಕೊನೆಗೆ ಕೂಡಿಕೊಳ್ಳುತ್ತವೆ. ಇನ್ನೊಂದು, ಆರ್‌ಎನ್‌ಎ ನಕಲು ಮಾಡುವುದು ರೈಬೋಸೋಮ್ ಅಲ್ಲ. ರೈಬೋಸೋಮ್ ಪ್ರೋಟೀನ್ ಕಟ್ಟುತ್ತದೆ. ನಕಲು ಮಾಡುವ ಪಾಲಿಮರೇಸನ್ನು ವೈರಸ್ ತಾನೇ ತಂದಿರುತ್ತದೆ. ಆದರೂ ಕೋಶದ ಎಎನ್‌ಪಿ32 ಎಂಬ ಪ್ರೋಟೀನಿನ ಆಸರೆ ಇಲ್ಲದೆ ಅದು ನಕಲು ಮಾಡಲಾರದು.

ಈಗ ನನಗೆ ನಿಜವಾಗಿ ಬೇಸರವಾದ ಜಾಗಕ್ಕೆ ಬರುತ್ತೇನೆ. ನಾಲ್ಕನೇ ಪುಟದಲ್ಲಿ 'ವೈರಸ್ ಕ್ಯಾಪ್ ಸ್ನ್ಯಾಚಿಂಗ್ ಪ್ರಕ್ರಿಯೆಯನ್ನೂ ಅನುಸರಿಸುತ್ತದೆ' ಎಂದು ಬರೆದು ಮುಂದೆ ಹೋಗಿದ್ದೀರಿ. ಕ್ಯಾಪ್ ಸ್ನ್ಯಾಚಿಂಗ್ ಅಂದರೆ ಟೋಪಿ ಕಸಿಯುವುದು. ಅಕ್ಕೋರೆ, ನಿಮ್ಮ ಲೇಖನ ಇರುವುದೇ ಅಲ್ಲಿ!

ನಿಮ್ಮ ಮನೆಯಲ್ಲಿ ಮಗ್ಗವಿದೆ, ಅವ್ವ ಕೊಂಡಿ ಹಾಕುತ್ತಾರೆ ಎಂದು ಜೊತೆಗಿದ್ದ ಪತ್ರದಲ್ಲಿ ತಿಳಿಸಿದ್ದೀರಿ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದೇ ಎಳೆಗೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಫ್ಲೂ ವೈರಸ್ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಕೋಶದಲ್ಲಿ ಪ್ರೋಟೀನ್ ಕಟ್ಟುವ ಸೂಚನೆ ಒಯ್ಯುವ ಬಹುತೇಕ ಎಲ್ಲ ಸಂದೇಶ ಆರ್‌ಎನ್‌ಎಗಳ ತಲೆಗೂ ಒಂದು ಟೋಪಿ ಇರುತ್ತದೆ. ಅದನ್ನು ನೋಡಿಯೇ ರೈಬೋಸೋಮ್ ಕೆಲಸಕ್ಕೆ ಇಳಿಯುವುದು. ವೈರಸ್ಸಿಗೆ ಟೋಪಿ ಮಾಡಲು ಬರುವುದಿಲ್ಲ. ಹಾಗಾಗಿ ಅದು ಕೋಶಕೇಂದ್ರಕ್ಕೇ ಹೋಗುತ್ತದೆ. ಆರ್‌ಎನ್‌ಎ ವೈರಸ್‌ಗಳಲ್ಲಿ ಹೆಚ್ಚಿನವು ಅಲ್ಲಿಗೆ ಹೋಗುವುದಿಲ್ಲ. ಹೊಸ ಸಂದೇಶ ತಯಾರಾಗುವ ಜಾಗದಲ್ಲೇ ವೈರಸ್ಸಿನ ಪಾಲಿಮರೇಸ್ ಟೋಪಿ ಹಿಡಿದು, 10ರಿಂದ 13 ಅಕ್ಷರ ಬಿಟ್ಟು ಕತ್ತರಿಸುತ್ತದೆ. ಆ ತುಂಡಿನ ತುದಿಯಿಂದಲೇ ತನ್ನ ಸಂದೇಶ ನೇಯುತ್ತದೆ. ಸೆರಗು ನಮ್ಮದು, ಒಡಲು ಅದರದ್ದು. ರೈಬೋಸೋಮ್ ಸೆರಗು ನೋಡಿ ನಮ್ಮದೇ ಎಂದು ದುಡಿಯುತ್ತದೆ. ಸೆರಗು ಹೋದ ನಮ್ಮ ಸಂದೇಶ ಹಾಳಾಗುತ್ತದೆ.

ಅವ್ವ ಯಾರ ಸೆರಗನ್ನೂ ಕತ್ತರಿಸುವುದಿಲ್ಲ. ಹೋಲಿಕೆ ಅಲ್ಲಿ ನಿಲ್ಲುತ್ತದೆ ಎಂಬುದನ್ನೂ ಬರೆಯಿರಿ, ಓದುಗರು ನಿಮ್ಮನ್ನು ಜಾಸ್ತಿ ನಂಬುತ್ತಾರೆ. ವೈರಸ್ಸಿನ ಆ ಕತ್ತರಿಯನ್ನೇ ಕಟ್ಟಿಹಾಕುವ ಬ್ಯಾಲೋಕ್ಸಾವಿರ್ ಎಂಬ ಮಾತ್ರೆಗೆ 2018ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟಿತು. ನೀವು ಬರೆದ ಒಸೆಲ್ಟಾಮಿವಿರ್ ಎಂಬ ಫ್ಲೂ ಔಷಧಿ ಕೆಲಸ ಮಾಡುವುದು ಕಡೆಗೆ, ಹೊಸ ವೈರಸ್ ಸಕ್ಕರೆಯಿಂದ ಬಿಡಿಸಿಕೊಂಡು ಹೊರಡುವ ಹೊತ್ತಿಗೆ. ಎರಡನ್ನೂ ಒಟ್ಟಿಗೆ ತಂದರೆ ಇಡೀ ದಾರಿ ಕಣ್ಣಿಗೆ ಕಟ್ಟುತ್ತದೆ.

'ಪ್ರತಿಕೃತೀಕರಣ' ಬೇಡ, 'ನಕಲು' ಸಾಕು. ವೈರಸ್ಸಿನ ಇತಿಹಾಸ ಹೇಳುವ ಮೊದಲ ಒಂದೂವರೆ ಪುಟ ತೆಗೆದುಬಿಡಿ.

ಈ ವಾರ ಬಿಡುವಾದಾಗ ಅವ್ವನ ಪಕ್ಕ ಸುಮ್ನೆ ಕೂತು ನೋಡಿ. ಎಳೆಯನ್ನು ಯಾವ ಬೆರಳಲ್ಲಿ ಹಿಡಿಯುತ್ತಾರೆ, ಹೇಗೆ ಸಿಕ್ಕಿಸುತ್ತಾರೆ, ಒಂದು ಸೆರಗಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಕೇಳಿ ಬರೆದುಕೊಳ್ಳಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಬನಶಂಕರಿ ಜಾತ್ರೆಗೆ ಮುಂಚೆ ಕಳಿಸಿದರೆ ಚಳಿಗಾಲದ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.