ಪಾಪು ಫೋಟೊಗೆ ಕಿಟಕಿ ಬೆಳಕು ಸಾಕು

ಪ್ರಶ್ನೆ: ಮಗಳಿಗೆ ಈಗ ಎರಡೂವರೆ ತಿಂಗಳು. ಫೋನಿನಲ್ಲಿ ಎಷ್ಟು ಫೋಟೊ ತೆಗೆದರೂ ಮುಖ ಹಳದಿ, ಕೈಕಾಲು ಮಸುಕು. ಫ್ಲ್ಯಾಶ್ ಹಾಕಿದರೆ ಬೆಚ್ಚುತ್ತಾಳೆ. ಒಳ್ಳೆ ಕ್ಯಾಮೆರಾ ತಗೊಳ್ಳಬೇಕಾ?

ಉತ್ತರ: ಈಗಲೇ ಬೇಡ. ನಿಮ್ಮ ಫೋನೇ ಸಾಕು, ಕೊರತೆ ಇರುವುದು ಬೆಳಕಿನದು. ಕೋಣೆ ಮಬ್ಬಾಗಿದ್ದರೆ ಫೋನ್ ಒಂದು ಚಿತ್ರಕ್ಕೆ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಪಾಪು ಕೈ ಬೀಸಿ ಆಗಿರುತ್ತದೆ, ಅಲ್ವಾ? ಮಸುಕು ಬರುವುದು ಹಾಗೆ. ಹಳದಿ ಬಣ್ಣ ಬಲ್ಬಿನದು. ಹಗಲು ಹೊತ್ತಿನಲ್ಲಿ ದೊಡ್ಡ ಕಿಟಕಿಯ ಹತ್ತಿರ ಮಗುವನ್ನು ಮಲಗಿಸಿ, ಮನೆಯ ದೀಪಗಳನ್ನೆಲ್ಲ ಆರಿಸಿ. ಬಿಸಿಲು ನೇರವಾಗಿ ಮುಖಕ್ಕೆ ಬೀಳಬಾರದು, ಬೀಳುತ್ತಿದ್ದರೆ ತೆಳು ಬಿಳಿ ಪರದೆ ಎಳೆಯಿರಿ.

ಇನ್ನು ಮಗು ಯಾವ ಕಡೆ ತಲೆ ಹಾಕಿದೆ ಅನ್ನುವುದನ್ನು ತುಂಬ ಜನ ಗಮನಿಸುವುದೇ ಇಲ್ಲ. ತಲೆ ಕಿಟಕಿಯ ಕಡೆಗೆ ಸ್ವಲ್ಪ ಓರೆಯಾಗಿರಲಿ, ಆಗ ಬೆಳಕು ಹಣೆಯಿಂದ ಕೆಳಗಿಳಿದು ಕೆನ್ನೆಯ ದುಂಡು ಚೆನ್ನಾಗಿ ಕಾಣುತ್ತದೆ. ಕಾಲಿನ ಕಡೆಯಿಂದ ಬಂದರೆ ಮೂಗಿನ ನೆರಳು ಮೇಲಕ್ಕೆ ಬಿದ್ದು ಮುಖವೇ ಬೇರೆ ಥರ ಆಗಿಬಿಡುತ್ತದೆ. ಕಿಟಕಿಯ ಎದುರು ಬದಿಗೆ ಯಾರಾದರೂ ಒಂದು ಬಿಳಿ ಬಟ್ಟೆ ಹಿಡಿದು ನಿಂತರೆ ಕತ್ತಲಾದ ಕೆನ್ನೆಗೂ ಬೆಳಕು ಸಿಗುತ್ತದೆ. ಕಡು ಹಸಿರು, ಕೆಂಪು ಹೊದಿಕೆ ಹಾಸಬೇಡಿ, ಆ ಬಣ್ಣ ಚರ್ಮದ ಮೇಲೆ ಬರುತ್ತದೆ.

ಫೋನನ್ನು ಮುಖದ ಹತ್ತಿರಕ್ಕೆ ಒಯ್ದರೆ ಮೂಗು ದಪ್ಪಗೆ, ಕಿವಿ ಚಿಕ್ಕದಾಗಿ ಬರುತ್ತದೆ. ಸ್ವಲ್ಪ ಹಿಂದೆ ಸರಿದು 2ಎಕ್ಸ್ ಜೂಮ್ ಇಟ್ಟು ತೆಗೆಯಿರಿ. ನಿಂತು ಮೇಲಿನಿಂದ ತೆಗೆಯುವ ಬದಲು ನೀವೇ ನೆಲಕ್ಕೆ ಬಾಗಿ, ಮಗುವಿನ ಕಣ್ಣಿನ ಮಟ್ಟಕ್ಕೆ. ಫೋಕಸ್ ಕಣ್ಣಿನ ಮೇಲೆ. ಲೆನ್ಸ್ ಒರೆಸುವುದು ಮರೆಯಬೇಡಿ! ಕ್ಯಾಮೆರಾದಲ್ಲಿ ಶಟರ್ ವೇಗ, ಅಂದರೆ ಒಂದು ಚಿತ್ರಕ್ಕೆ ತೆಗೆದುಕೊಳ್ಳುವ ಹೊತ್ತು, ಬದಲಿಸುವ ಅವಕಾಶ ಇದ್ದರೆ, ಆಡುವ ಮಗುವಿಗೆ ಸೆಕೆಂಡಿನ 250ನೇ ಒಂದು ಭಾಗ ಅಥವಾ ಅದಕ್ಕಿಂತ ವೇಗ ಇಡಿ. ಹಾಲು ಕುಡಿದು, ಬಟ್ಟೆ ಬದಲಿಸಿ, ಖುಷಿಯಾಗಿರುವ ಹೊತ್ತು ನೋಡಿ. ಈ ವಯಸ್ಸಿಗೆ ಪರಿಚಯದ ಮುಖ ಕಂಡರೆ ನಗು ಬರುತ್ತದೆ, ಹಾಗಾಗಿ ಒಬ್ಬರು ಲೆನ್ಸಿನ ಪಕ್ಕದಲ್ಲೇ ಮುಖ ಇಟ್ಟು ಮಾತಾಡಿಸಲಿ. ಅತ್ತರೆ ಫೋನ್ ಕೆಳಗಿಟ್ಟು ಎತ್ತಿಕೊಳ್ಳಿ. ಫೋಟೊ ನಾಳೆಯೂ ತೆಗೆಯಬಹುದು.

ಫ್ಲ್ಯಾಶ್ ಮಾತು ಬಂತಲ್ಲ, ಒಂದು ವಿಷಯ ಹೇಳಲೇಬೇಕು. ಫ್ಲ್ಯಾಶ್ ಫೋಟೊಗಳಲ್ಲಿ ಕಣ್ಣಿನ ಪಾಪೆ ಕೆಂಪಗೆ ಕಾಣುವುದು ಸಾಮಾನ್ಯ. ಆದರೆ ಪಾಪೆ, ಒಂದೇ ಕಣ್ಣಿನದಾದರೂ ಸರಿ, ಬೆಳ್ಳಗೆ ಹೊಳೆಯುವಂತೆ ಕಂಡರೆ ತಡ ಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಎಷ್ಟೋ ಸಲ ಅದು ಕೋನದಿಂದ ಬಂದ ಬೆಳಕಷ್ಟೇ ಆಗಿರುತ್ತದೆ, ಆದರೆ ಕಣ್ಣಿನ ಪೊರೆ, ಕಣ್ಣಿನೊಳಗಿನ ಗಡ್ಡೆಯಂಥ ತೊಂದರೆಗಳ ಮೊದಲ ಸುಳಿವೂ ಅದೇ ಆಗಿರಬಹುದು.

ಪ್ರಶ್ನೆ: ನಮ್ಮ ಮಗುವಿಗೆ ಹತ್ತು ದಿನ. ಗಲ್ಲಕ್ಕೆ ಎರಡೂ ಕೈ ಕೊಟ್ಟು ನಿದ್ದೆ ಮಾಡುವ ಹಸುಗೂಸಿನ ಫೋಟೊ ನೋಡಿದ್ದೇನೆ. ಮನೆಯಲ್ಲೇ ತೆಗೆಯುವುದು ಹೇಗೆ?

ಉತ್ತರ: ದಯವಿಟ್ಟು ತೆಗೆಯಬೇಡಿ. ಹಸುಗೂಸಿನ ಕತ್ತಿಗೆ ತಲೆ ಹೊರುವ ಶಕ್ತಿ ಇರುವುದಿಲ್ಲ. ತಿಳಿದವರು ಆ ಚಿತ್ರವನ್ನು ಎರಡು ಫೋಟೊ ಸೇರಿಸಿ ಮಾಡುತ್ತಾರೆ: ಒಂದರಲ್ಲಿ ಯಾರೋ ತಲೆ ಹಿಡಿದಿರುತ್ತಾರೆ, ಇನ್ನೊಂದರಲ್ಲಿ ಕೈ. ಆಮೇಲೆ ಹಿಡಿದವರ ಬೆರಳುಗಳನ್ನು ಅಳಿಸುತ್ತಾರೆ. ಬುಟ್ಟಿ, ಮೇಜು, ಎತ್ತರದ ದಿಂಬು ಕೂಡ ಬೇಡ. ನಿದ್ದೆಯಲ್ಲಿರುವ ಕೂಸು ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿರಲಿ, ನೀವು ಸುತ್ತ ಓಡಾಡಿ ಕೋನ ಹುಡುಕಿ. ಮೇಲಿನಿಂದ ತೆಗೆಯುವುದಾದರೆ ಫೋನಿನ ದಾರ ಮಣಿಕಟ್ಟಿಗೆ ಸುತ್ತಿರಲಿ. ಮುಷ್ಟಿ, ಪಾದ, ರೆಪ್ಪೆ ಇವನ್ನೇ ಹತ್ತಿರದಿಂದ ತೆಗೆದು ನೋಡಿ, ಯಾವ ಭಂಗಿಯೂ ಬೇಕಾಗುವುದಿಲ್ಲ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಬಂದ ಫೋಟೊ ಪ್ರಿಂಟ್ ಹಾಕಿಸಿದರೆ ಸ್ಪಷ್ಟ ಇಲ್ಲ. ಯಾಕೆ?

ಉತ್ತರ: ಅದು ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಮೂಲ ಫೈಲೇ ಸಿಗುತ್ತದೆ. 4x6 ಇಂಚಿನ ಒಳ್ಳೆ ಪ್ರಿಂಟಿಗೆ 1200x1800 ಪಿಕ್ಸೆಲ್ ಸಾಕು.